ಮುದ್ದೆಯ ತುತ್ತು

ನನ್ನ ಒಲೆ ಮುಂದಿದ್ದ ಮಸಿಬಟ್ಟೆ ಮೊದಲು ಒಂದು ಟೀ ಶರ್ಟಾಗಿತ್ತು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನೂ ಓದುವಷ್ಟು ದಪ್ಪ ಅಕ್ಷರದಲ್ಲಿ ಅದರ ಬೆನ್ನ ಮೇಲೆ ಬರೆದಿತ್ತು: 'ಗಂಡಸಿನ ಆರೋಗ್ಯ, ಮನೆಗೆ ಭಾಗ್ಯ'. ಎಷ್ಟು ಮಸಿ ಹತ್ತಿದರೂ ಅಕ್ಷರ ಮಾಸಿರಲಿಲ್ಲ. ಅದನ್ನು ಹಂಚಿದ ಕಂಪನಿಯವರು ಬಣ್ಣದಲ್ಲಿ ಮೋಸ ಮಾಡಿರಲಿಲ್ಲ ನೋಡಿ.

ಮೊನ್ನೆ ಬೆಳಿಗ್ಗೆ ಅದರಲ್ಲೇ ಪಾತ್ರೆ ಇಳಿಸಿ ಮುದ್ದೆ ಕಟ್ಟಿದೆ. ನರಸಾಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಮಗ ಮಂಜ ಊಟಕ್ಕೆ ಕೂತ. ಮುರಿದ ತುತ್ತು ಕಡಲೆಬೀಜದಷ್ಟಿತ್ತು.

"ಸಾರು ಉರೀತೈತಮ್ಮ, ಮಜ್ಜಿಗೆ ಹಾಕು" ಅಂದ.

ಸೌಟು ಕೆಳಗಿಟ್ಟು ಅವನ ಬಾಯನ್ನೇ ನೋಡಿದೆ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಗಂಡಸಿನ ಬಾಯಿ ಎಷ್ಟು ತೆರೆಯುತ್ತದೆಂಬುದು ಡಾಕ್ಟರಿಗಿಂತ ಮೊದಲು ಬಡಿಸುವವಳಿಗೆ ಗೊತ್ತಾಗುತ್ತದೆ. ನಮ್ಮ ಯಜಮಾನರ ತುತ್ತು ಒಂದು ಕಾಲಕ್ಕೆ ನಿಂಬೆಹಣ್ಣಿನಷ್ಟಿತ್ತು. ಆಮೇಲೆ ಊರಿಗೆ ಗುಟ್ಕಾ ಬಂತು. ಮೊದಮೊದಲು ಪುಕ್ಕಟೆ ಹಂಚಿದರು. ನೋಡನೋಡುತ್ತ ಅದು ಮದುವೆಮನೆಯ ತಾಂಬೂಲದ ತಟ್ಟೆಯಲ್ಲೇ ಬಂದು ಕೂತಿತು. ಬಸ್ಸಿನ ಬೆನ್ನ ಮೇಲೆಲ್ಲ ಮೀಸೆ ತಿರುವುವ ಹೀರೋ. ಹಾಕದವನು ಗಂಡಸೇ ಅಲ್ಲವೇನೋ ಎಂಬ ಹಾಗೆ.

ಅದೇ ಗುಟ್ಕಾ ಕಂಪನಿಯವರು ಒಂದು ದಿನ ನಮ್ಮ ಕ್ಯಾಲನೂರಿನ ಹಾಲಿನ ಡೈರಿ ಮುಂದೆ ಶಾಮಿಯಾನ ಹಾಕಿದರು. ಗಂಡಸರಿಗೆ ಆರೋಗ್ಯ ತಪಾಸಣೆಯಂತೆ! ತೂಕ ನೋಡಿದರು, ಬಿಪಿ ನೋಡಿದರು, ಶುಗರ್ ನೋಡಿದರು, ಈ ಟೀ ಶರ್ಟು ಕೊಟ್ಟರು. ನಾನು ಸುಮ್ಮನಿರಲಾರದೆ, "ಅವರ ಬಾಯಿ ಒಂದಿಷ್ಟು ನೋಡಪ್ಪ, ಖಾರ ತಿನ್ನೋಕಾಗಲ್ಲ ಅಂತಾರೆ" ಅಂದೆ.

"ಬಾಯಿ ನಮ್ಮ ಕ್ಯಾಂಪಲ್ಲಿ ಬರಲ್ಲಮ್ಮ" ಅಂದ ಆ ಡಾಕ್ಟರು.

ಬರುತ್ತದೆಯೇ! ಕನ್ನ ಹಾಕಿದವನೇ ಕಾವಲಿಗೆ ನಿಂತರೆ ಕನ್ನವೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಯುತ್ತಾನೆ. ನಮ್ಮ ಊರಿನ ದೊಡ್ಡವರೋ, ಕಂಪನಿಯವನಿಗೆ ಶಾಲು ಹೊದಿಸಿ ಕೈ ಮುಗಿದರು.

ಯಜಮಾನರು ಎದೆ ಉಬ್ಬಿಸಿಕೊಂಡು ಮನೆಗೆ ಬಂದರು. "ಬಿಪಿ ಇಲ್ಲ, ಶುಗರ್ ಇಲ್ಲ. ಗಟ್ಟಿಮುಟ್ಟಾಗಿದೀನಂತೆ ಕಣೇ. ಏಂ ಕಾದು!" ಏನೂ ಆಗದು ಎನ್ನುವುದನ್ನು ಅವರು ತೆಲುಗಿನಲ್ಲೇ ಹೇಳುತ್ತಿದ್ದರು. ಆ ಧೈರ್ಯದಲ್ಲಿ ಇನ್ನಷ್ಟು ಪಾಕೆಟ್ ಹರಿದರು. ತುತ್ತು ನೆಲ್ಲಿಕಾಯಾಯಿತು, ಕಡಲೆಬೀಜವಾಯಿತು, ಆಮೇಲೆ ಬರೀ ಅಂಬಲಿ. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಕೆನ್ನೆಯಲ್ಲಿ ಕ್ಯಾನ್ಸರ್ ತೂತು ಮಾಡಿತ್ತು. ಕೊನೆಗೆ ಆ ಅಂಬಲಿಯೂ ಇಳಿಯಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ಮಗನೇ ಈಗ ನನ್ನೆದುರು ಕೂತಿದ್ದ.

"ಏನ್ಲಾ ಹಾಕ್ತಿದ್ದೀಯ?"

"ಗುಟ್ಕಾ ಅಲ್ಲಮ್ಮ, ಬರೀ ಪಾನ್ ಮಸಾಲಾ. ತಂಬಾಕಿಲ್ಲ. ಪಾಳೀಲಿ ನಿದ್ದೆ ಬರದೇ ಇರ್ಲಿ ಅಂತ."

"ನಿಮ್ಮಪ್ಪನ ಕೆನ್ನೆಗೂ ಹಂಗೇ ಹೇಳು ಹೋಗು. ಮೂರು ಬೆರಳು ನಿಲ್ಲಿಸಿ ಬಾಯಲ್ಲಿಡು."

ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ಅವರಪ್ಪನಿಗೆ ಆಸ್ಪತ್ರೆಯಲ್ಲಿ ಮಾಡಿಸಿದ ಪರೀಕ್ಷೆ ಅದು. ಮಂಜ ನಗುನಗುತ್ತ ಇಟ್ಟ. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ನಗುವೂ ನಿಂತಿತು.

"ಭಾನುವಾರ ಡೈರಿ ಹತ್ರ ಮತ್ತೆ ಕ್ಯಾಂಪ್ ಐತಂತೆ. ಅಲ್ಲೇ ತೋರಿಸ್ತೀನಿ ಬಿಡು" ಅಂದ.

"ಆ ಶಾಮಿಯಾನದ ನೆರಳಿಗೆ ಹೋದ್ರೂ ಕಾಲು ಮುರೀತೀನಿ. ಏಳ್ಲಾ, ಚಪ್ಪಲಿ ಮೆಟ್ಟು."

ಅವನ ಜೇಬಿನ ಪಾಕೆಟ್‌ಗಳನ್ನು ಆ ಮಸಿಬಟ್ಟೆಯಲ್ಲೇ ಸುತ್ತಿ ಒಲೆಗೆ ತುರುಕಿದೆ. ಭಾಗ್ಯವೆಲ್ಲ ಒಟ್ಟಿಗೇ ಉರಿಯಲಿ ಎಂದು.

ಕೋಲಾರದ ಸರ್ಕಾರಿ ಆಸ್ಪತ್ರೆಯಲ್ಲಿ ಟೀ ಶರ್ಟೂ ಇಲ್ಲ, ಶಾಲೂ ಇಲ್ಲ. ಕೂರಲು ಬೆಂಚಿಗೂ ಜಗಳ. ನಮ್ಮ ಸರದಿ ಬಂದಾಗ ಡಾಕ್ಟರಮ್ಮ ತೂಕ ನೋಡಲಿಲ್ಲ, ಬಿಪಿ ನೋಡಲಿಲ್ಲ. ಟಾರ್ಚು ಹಿಡಿದು ಮೊದಲು ಆಡಿದ್ದು ಒಂದೇ ಮಾತು:

"ಬಾಯಿ ತೆಗೀರಿ."