ಒಂದು ಬೆರಳಿನ ಎತ್ತರ

ಟೈರಿನ ಪಕ್ಕೆಯ ಮೇಲೆ ಉಬ್ಬಿ ನಿಂತ ಅಂಕಿಗಳಲ್ಲಿ ಒಂದು ಎಂಟು. ಅದರ ಎರಡೂ ಸುಳಿಗಳೊಳಗೆ ಎರೆಮಣ್ಣು ಒಣಗಿ ಕೂತಿತ್ತು. ಉಗುರಿನಿಂದ ಕೆರೆದೆ. ಮೇಲಿನ ಸುಳಿಯದು ಪುಡಿಯಾಗಿ ಉದುರಿತು, ಕೆಳಗಿನದು ಬರಲಿಲ್ಲ. ಬಿಸಿಲಿಗೆ ಕಾದ ರಬ್ಬರಿನ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಇತ್ತು, ಎಣ್ಣೆ ಸವರಿಟ್ಟ ಕಬ್ಬಿಣದ್ದು. ಅದು ವ್ಯಾನಿನ ಒಳಗಿನಿಂದ ಬರುತ್ತಿತ್ತು. ಆ ವಾಸನೆಗೆ ಪಕ್ಕದ ಮನೆಯ ಕಾಕಾ ನೆನಪಾದರು. ಮರೆತಿದ್ದೆ ಎಂದಲ್ಲ...

ತಿಕೋಟಾದ ನಮ್ಮ ಓಣಿಯಲ್ಲಿ ಆ ವ್ಯಾನು ಕಾಕಾ ಅವರ ಗೋಡೆಗೆ ತಾಗಿ ನಿಂತು ಬಹಳ ಕಾಲವಾಗಿದೆ. ಕಾಕಾ ಈ ಚಳಿಗಾಲದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಬಬಲೇಶ್ವರದಲ್ಲಿರುವ ಅವರ ತಮ್ಮನ ಮಗ ದ್ರಾಕ್ಷಿ ಕ್ರೇಟು ಸಾಗಿಸಲು ವ್ಯಾನನ್ನು ಒಯ್ಯುತ್ತೇನೆಂದು ಬಂದಿದ್ದ. ನಾಲ್ಕೂ ಟೈರುಗಳು ನಿಂತಲ್ಲಿಯೇ ಬಿರುಕು ಬಿಟ್ಟಿದ್ದವು.

"ಅಕ್ಕಾರ, ಇದು ಕಂಪನಿ ಸೈಜ್ ಅಲ್ಲಂತ. ಆ ಸೈಜ್ ಈಗ ಬರೂದೂ ಇಲ್ಲಂತ. ಮತ್ತ ಇದನ್ನ ಹಾಕಸ್ಲೋ, ಗಿಡ್ಡಂದು ಹಾಕಸ್ಲೋ? ನಮ್ಮ ದೊಡ್ಡಪ್ಪ ಅಂತಿದ್ದ, ಟೈರಿನ ಮಾತು ಆಕೀನ್ನ ಕೇಳು, ಆಕಿಗೆ ಗೊತ್ತೈತಿ ಅಂತ."

ನಾಳೆ ಹೇಳುತ್ತೇನೆ ಎಂದೆ. ಹೇಳಲು ನಾಳೆಯತನಕ ಬೇಕಿರಲಿಲ್ಲ. ಆದರೂ ಹಾಗೆಂದೆ.

ಕಾಕಾ ನಮಗೆ ಸಂಬಂಧಿಕರಲ್ಲ. ಸಂತೆಯಿಂದ ಸಂತೆಗೆ ಭಾಂಡೆ-ಪಾತ್ರೆ ಮಾರುತ್ತಿದ್ದರು. ವಿಜಯಪುರಕ್ಕೆ ಹೋಗಿ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಲ್ಲಿ ಮಾಲು ತುಂಬಿಕೊಂಡು ಬಬಲೇಶ್ವರದ ಕಡೆಗೆ ಹೊರಡುವುದು ಅವರ ಪದ್ಧತಿ. ಸ್ಟೀಲಿನ ಕೊಡ, ಪಾತೇಲಿ, ಪರಾತ ಎಲ್ಲರೂ ತರುತ್ತಿದ್ದರು. ಕಾಕಾ ಅವರ ಹೆಸರು ನಿಂತದ್ದು ರೊಟ್ಟಿ ಬೇಯಿಸುವ ಕಬ್ಬಿಣದ ಹಂಚುಗಳಿಂದ. ಅವನ್ನು ತಾವೇ ಎಣ್ಣೆ ಸವರಿ ಪಳಗಿಸಿ ಮಾರುತ್ತಿದ್ದರು. ಹಂಚಿನ ಮೇಲೆ ಬೆರಳ ಗಂಟಿನಿಂದ ಬಡಿದು, ತಲೆ ವಾಲಿಸಿ ಸದ್ದು ಕೇಳುತ್ತಿದ್ದರು. ಅವರ ಹೆಂಡತಿ ಕಾಕೂ ಅದನ್ನು ನೋಡಿ, "ನನ್ನ ಮಾತು ಒಂದಿನಾ ಹಿಂಗ ಕೇಳಲಿಲ್ಲ" ಅನ್ನುತ್ತಿದ್ದರು.

ಕಾಕೂಗೆ ಮೂತ್ರಪಿಂಡದ ಕಾಯಿಲೆ. ನಾನು ಎಂ.ಎಸ್ಸಿ. ಓದುತ್ತಿದ್ದ ಹೊತ್ತಿಗೆ ಅವರಿಗೆ ವಿಜಯಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಗಿತ್ತು. ವಾರದಲ್ಲಿ ಸಂತೆಯಿಲ್ಲದ ದಿನಗಳನ್ನು ಕಾಕಾ ಅದಕ್ಕೆ ಇಟ್ಟಿದ್ದರು. ಹಿಂದಿನ ಸಂಜೆ ಭಾಂಡೆಯನ್ನೆಲ್ಲ ಇಳಿಸಿ, ವ್ಯಾನು ಗುಡಿಸಿ, ಸೀಟಿನ ಮೇಲೆ ಕೌದಿ ಹಾಸುತ್ತಿದ್ದರು. ಆ ದಿನಗಳಲ್ಲಿ ನಾನೂ ಅದೇ ವ್ಯಾನಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಕಾಕೂ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಮಾತಾಡುವುದು ಅವರ ಕೆಲಸ.

ಕಾಕೂ ತಮ್ಮನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೊದಮೊದಲು ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಗಂಡಸರು ಅವರನ್ನು ಎತ್ತಿ ವ್ಯಾನಿಗೆ ಏರಿಸಿದ್ದರಂತೆ. ಎಲ್ಲರೆದುರು ಸೆರಗು ಜಾರಿತ್ತು. ಆಮೇಲೆ ಕಾಕಾ ಒಂದು ಮಣೆ ಇಟ್ಟುಕೊಂಡರು. ಅದು ಆಸ್ಪತ್ರೆಯ ನುಣುಪು ಕಲ್ಲಿನ ಮೇಲೆ ಜಾರಿ ಕಾಕೂ ಮುಗ್ಗರಿಸಿದರು. ಅಂದಿನಿಂದ ಮಣೆಯೂ ಬೇಡವಾಯಿತು. "ನಾ ಏನ್ ಜ್ವಾಳದ ಚೀಲ ಏನು, ಹಿಡದು ಎತ್ತಿ ಒಗ್ಯಾಕ? ನನ್ನ ಕಾಲು ಎಲ್ಲೀತನಕ ಏರತಾವೋ ಅಲ್ಲೀತನಕ ಏರತೀನಿ."

ಅವರು ಏರುವ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಬಾಗಿಲಿನ ಅಂಚು ಹಿಡಿದು, ಬಲಗಾಲು ಎತ್ತುತ್ತಿದ್ದರು. ಪಾದ ವ್ಯಾನಿನ ಅಂಚಿಗೆ ಹೇಗೋ ಮುಟ್ಟುತ್ತಿತ್ತು. ನೋಡುತ್ತ ನಿಂತರೆ ಅವರಿಗೆ ಸಿಟ್ಟು. ಅದಕ್ಕೇ ಆ ಹೊತ್ತಿಗೆ ಕಾಕಾ ಬೇಕೆಂದೇ ಮುಂದೆ ಹೋಗಿ ಗಾಜು ಒರೆಸುತ್ತಿದ್ದರು. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು, ಒಳಗೆ ಸೀಟು ಕಿರುಗುಟ್ಟುವವರೆಗೆ.

ಟೈರು ಪೂರ್ತಿ ಸವೆದು ಬೋಳಾದಾಗ ವಿಜಯಪುರದ ಜೋರಾಪುರ ಪೇಟೆಯ ಆಚೆಯ ಟೈರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅದು ಬಬಲೇಶ್ವರದ ಸಂತೆಯ ದಿನ. ಮಾಲು ತುಂಬಿಯಾಗಿತ್ತು. ಅಂಗಡಿಯವರು ಹಳೆಯ ಟೈರು ನೋಡಿ ತಲೆಯಾಡಿಸಿದರು.

"ಈ ಸೈಜ್ ಬರೂದ ನಿಂತೈತ್ರಿ ಕಾಕಾ. ಇದ ಡಿಸ್ಕಿಗೆ ಎರಡ ನಮೂನಿ ಕುಂದರತಾವು. ಇದು ಗಿಡ್ಡ. ಇದು ಎತ್ತರ."

"ನೀ ಲೆಕ್ಕ ಕಲತಾಕಿ. ಹೇಳವಾ, ಯಾವ್ದು?" ಎಂದು ಕಾಕಾ ನನ್ನ ಕಡೆ ನೋಡಿದರು.

ಟೈರಿನ ಮೇಲಿನ ಅಂಕಿಗಳು ಕಷ್ಟದವಲ್ಲ. ಮೊದಲನೆಯದು ಅಗಲ. ಎರಡನೆಯದು, ಪಕ್ಕೆಯ ಎತ್ತರ ಆ ಅಗಲದಲ್ಲಿ ಶೇಕಡ ಎಷ್ಟು ಎಂಬುದು. ಮೂರನೆಯದು ಒಳಗಿನ ಕಬ್ಬಿಣದ ಚಕ್ರದ, ಅಂದರೆ ಡಿಸ್ಕಿನ, ಅಳತೆ. ಕೊನೆಗಿರುವ ಸಣ್ಣ ಸಂಖ್ಯೆ ಅದು ಹೊರುವ ಭಾರಕ್ಕೆ ಸಂಬಂಧಿಸಿದ್ದು. ಗಿಡ್ಡ ಟೈರು ಹಂಚುಗಳ ಭಾರಕ್ಕೆ ಸಾಲುತ್ತಿರಲಿಲ್ಲ. ಹಾಕಿದರೆ ನಮ್ಮ ಓಣಿಯ ಗಾಲಿಜಾಡಿನಲ್ಲಿ ವ್ಯಾನಿನ ಹೊಟ್ಟೆಯೂ ನೆಲಕ್ಕೆ ಉಜ್ಜುತ್ತಿತ್ತು. ಎತ್ತರದ್ದು ಭಾರ ಹೊರುತ್ತಿತ್ತು. ಆದರೆ ಹೊಸ ರಬ್ಬರಿನ ದಪ್ಪವೂ ಸೇರಿ ವ್ಯಾನು ಈಗಿರುವುದಕ್ಕಿಂತ ಒಂದು ಬೆರಳಿನ ಅಗಲದಷ್ಟು ಮೇಲೇಳುತ್ತಿತ್ತು. ಅಷ್ಟನ್ನೂ ಹೇಳಿದೆ.

ಕಾಕಾ ಸೀಟಿನ ಕೆಳಗಿನಿಂದ ಒಂದು ಜೋಳದ ದಂಟು ತೆಗೆದರು. ಮುಂಜಾನೆ ಮನೆಯ ಕಟ್ಟೆಯ ಹತ್ತಿರ ಕಾಕೂ ಕಾಲು ಎಷ್ಟು ಮೇಲೆ ಬರುತ್ತದೆಂದು ನೋಡಿ ಅದನ್ನು ಅಷ್ಟಕ್ಕೇ ಮುರಿದು ತಂದಿದ್ದರು. ವ್ಯಾನಿನ ಬಾಗಿಲಿಗೆ ದಂಟು ನಿಲ್ಲಿಸಿದರು. ಅಂಚಿನ ಮೇಲೆ ಬೆರಳು ಅಡ್ಡ ಇಟ್ಟು ನೋಡಿದರು. ದಂಟು ಬೆರಳಿಗಿಂತ ಮೇಲಿತ್ತು.

"ಇನ್ನೂ ಜಾಗಾ ಐತಿ. ಎತ್ತರದ್ದ ಹಾಕ್ರಿ."

"ಏನ್ರಿ ಕಾಕಾ, ಕಾಕೂಗ ಚಪ್ಪಲಿ ತರಾಕ ಬಂದಂಗ ಅಳತಿ ತಂದೀರಲ್ಲ!" ಎಂದು ಅಂಗಡಿಯವರು ನಕ್ಕರು. "ಒಂದ ಮಾತ್ರಿ ಮತ್ತ. ಚಪ್ಪಲಿ ಆಗಿದ್ರ ಬದಲಿ ಕೊಡತಿದ್ದೆ. ರೋಡಿಗೆ ಇಳದ ಟೈರ್ ವಾಪಸ್ ತಗೊಳ್ಳೂದಿಲ್ಲ."

ಮುಂದಿನ ಆಸ್ಪತ್ರೆಯ ದಿನ ಕಾಕೂ ಎಂದಿನಂತೆ ಬಾಗಿಲಿನ ಅಂಚು ಹಿಡಿದು ಕಾಲೆತ್ತಿದರು. ಪಾದದ ತುದಿ ಅಂಚಿಗೆ ತಾಗಿ ಕೆಳಗೆ ಬಂತು. ಮತ್ತೆ ಎತ್ತಿದರು. ಮತ್ತೆ ಬಂತು. ಮುಂದೆ ಗಾಜು ಒರೆಸುತ್ತಿದ್ದ ಬಟ್ಟೆಯ ಸದ್ದು ನಿಂತಿತು.

"ಏನ್ ಮಾಡೀರಿ ಈ ಗಾಡೀಗೆ?"

"ಏನಿಲ್ಲ. ಟೈರ್ ಹೊಸಾವು, ಅಷ್ಟ."

ನಾನು ಕೈ ನೀಡಿದೆ. "ಕೈ ತಗೀಬೇ" ಎಂದರು ಕಾಕೂ. ದನಿ ಏರಿಸಲಿಲ್ಲ. "ಎತ್ತಿ ಹಾಕೂದಿದ್ರ ನಾ ಬರೂದಿಲ್ಲ. ಇಲ್ಲೇ ಸಾಯ್ತೀನಿ, ನನ್ನ ಮನ್ಯಾಗ, ನೆಲದ ಮ್ಯಾಲ." ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕಾಕಾ ಬೇಡಿಕೊಂಡರು, ಬೈದರು. ಕೊನೆಗೆ ಹೊಸ್ತಿಲ ಮೇಲೆ ಕೂತರು. ಅವತ್ತು ಹೋಗಲಾಗಲಿಲ್ಲ. ಸಂಜೆಯ ಹೊತ್ತಿಗೆ ಕಾಕೂ ಪಾದ ಬಾತಿತ್ತು, ಕೈಯೂ ಬಾತು ಬಳೆ ಮೊಣಕೈಯತ್ತ ಏರುವುದು ನಿಂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇದ್ದರು. ಇನ್ನೊಂದು ಸಲ ತಪ್ಪಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು.

ಕಾಕಾ ದಂಟು ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಎಲ್ಲಿ ತಪ್ಪೇತಿ ತಂಗಿ?"

ಇಬ್ಬರೂ ಮತ್ತೆ ಅಳೆದೆವು. ದಂಟು ಅಂಚಿಗಿಂತ ಕೆಳಗೇ ಉಳಿಯಿತು. ನನ್ನ ಲೆಕ್ಕ ಸರಿಯಾಗಿತ್ತು, ಅವರ ಅಳತೆಯೂ ಸರಿಯಾಗಿತ್ತು. ಖಾಲಿ ವ್ಯಾನಿನ ಹಿಂಭಾಗ ಎಷ್ಟು ಮೇಲೆದ್ದಿದೆ ಎಂದು ಕಣ್ಣಿಗೆ ಬಿದ್ದಾಗಲೇ ತಿಳಿದದ್ದು. "ಕಾಕಾ, ಅವತ್ತ ಸಂತಿ. ಒಳಗ ಭಾಂಡಿ ತುಂಬಿದ್ದೂವು" ಎಂದೆ. ಭಾರಕ್ಕೆ ಗಾಲಿ ಮೇಲಿನ ಪಾಟಾಗಳು, ಆ ಸ್ಪ್ರಿಂಗ್ ಪಟ್ಟಿಗಳು, ಬಗ್ಗಿ ವ್ಯಾನು ತಗ್ಗಿ ನಿಂತಿದ್ದ ದಿನ ಅವರು ಅಳತೆ ಹಿಡಿದಿದ್ದರು. ಕಾಕೂ ಹತ್ತುವುದು ಖಾಲಿ ವ್ಯಾನನ್ನು. ಕಾಕಾ ದಂಟನ್ನು ಅಲ್ಲೇ ಗೋಡೆಗೆ ಒರಗಿಸಿ ಹೋದರು.

ಮುಂಜಾನೆ ಕಬ್ಬಿಣದ ಸದ್ದಿಗೆ ಎಚ್ಚರವಾಯಿತು. ಕಾಕಾ ಹಂಚುಗಳನ್ನು ಒಂದರ ಮೇಲೊಂದು ವ್ಯಾನಿಗೆ ಒಟ್ಟುತ್ತಿದ್ದರು. ಹಿತ್ತಾಳೆ ಹಂಡೆಗಳು, ಕೊಡಗಳು, ಮನೆಯಲ್ಲಿದ್ದದ್ದೆಲ್ಲ. ಪ್ರತಿ ಸಲಕ್ಕೂ ವ್ಯಾನು ಸ್ವಲ್ಪ ಸ್ವಲ್ಪ ಕುಸಿಯುತ್ತಿತ್ತು. ಅವತ್ತು ಯಾವ ಸಂತೆಯೂ ಇರಲಿಲ್ಲ.

ಕಾಕೂ ಹೊರಗೆ ಬಂದು ನೋಡಿದರು. "ದವಾಖಾನಿಗೆ ಹೊಂಟೀರೋ ಯಾಪಾರಕ್ಕ ಹೊಂಟೀರೋ?"

"ಹಾದ್ಯಾಗ ಗಿರಾಕಿ ಸಿಕ್ಕರ ಬ್ಯಾಡ ಅನ್ನಲ್ಯಾ? ಹತ್ತು, ಹತ್ತು" ಎಂದು ಕಾಕಾ ಬಟ್ಟೆ ತೆಗೆದುಕೊಂಡು ಗಾಜಿನ ಕಡೆ ನಡೆದರು.

ಕಾಕೂ ಕಾಲೆತ್ತಿದರು. ಪಾದ ಅಂಚಿನ ಮೇಲೆ ಕೂತಿತು.

ಅಲ್ಲಿಂದ ಮುಂದೆ ಆಸ್ಪತ್ರೆಗೆ ಹೋಗುವಾಗೆಲ್ಲ ವ್ಯಾನು ತುಂಬಿಯೇ ಹೋಗುತ್ತಿತ್ತು. ಹಳ್ಳದಲ್ಲಿ ಇಳಿದರೆ ಹಿಂದೆ ಪರಾತಗಳು ಬಡಿದುಕೊಳ್ಳುತ್ತಿದ್ದವು. ಆಸ್ಪತ್ರೆಯ ಗೇಟಿನವನಿಗೆ ಅದೊಂದು ತಮಾಷೆ. "ಏನ್ ಯಜಮಾನ್ರ, ಇಲ್ಲೂ ಅಂಗಡಿ ಹಚ್ಚಾವ್ರೇನು?" ಅನ್ನುತ್ತಿದ್ದ. "ಹಚ್ಚತೀನಿ, ಮೊದಲ ಹಂಚು ನಿನಗ. ರೊಟ್ಟಿ ಸೀದ್ರ ಹೇಣತೀಗೆ ಬೈಯೂದು ತಪ್ಪತೈತಿ" ಅನ್ನುತ್ತಿದ್ದರು ಕಾಕಾ. ಕಾಕೂ ಸೀಟಿನಿಂದಲೇ, "ಈ ಮನಷ್ಯಾ ನನ್ನ ಹೆಣದ ಮುಂದೂ ನಾಕ ತಾಟು ಮಾರತಾನ ನೋಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಕಾಕಾ ಕನ್ನಡಿಯಲ್ಲಿ ನಗುತ್ತಿದ್ದರು. ಆ ಬೈಗುಳ ಅವರಿಗೆ ಬೇಕಾಗಿತ್ತು ಅನ್ನಿಸುತ್ತದೆ.

ಒಂದು ಸಲ ಹಾದಿಯಲ್ಲಿ ತೊರವಿಯ ಹತ್ತಿರ ಕಾಕಾ ಗಾಲಿಯ ಗಾಳಿ ನೋಡಲು ಕೆಳಗಿಳಿದಿದ್ದರು. ಕಾಕೂ ಹಿಂದಕ್ಕೆ ತಿರುಗಿ ಕಟ್ಟಿದ್ದ ದೊಡ್ಡ ಹಂಡೆಯನ್ನು ತೋರಿಸಿದರು.

"ಆ ನೆಗ್ಗಿದ ಹಂಡೇ ನೋಡಬೇ. ಪ್ರತಿ ಸಲ ಅದ ಹಂಡೇ, ಅದ ಜಾಗಾ. ಮಾರೂ ಭಾಂಡಿ ಆಗಿದ್ರ ಒಂದರ ಕಮ್ಮಿ ಆಗಬೇಕಿತ್ತಲ್ಲ?"

ನಾನು ಹಂಡೆಯ ಕಡೆ ತಿರುಗಿ ನೋಡಿದೆ.

"ನನಗ ಗೊತ್ತೈತಿ ಅಂತ ಅಂವಗ ಹೇಳಬ್ಯಾಡ. ಪಾಪ, ದಿನಾ ಏರಸ್ತಾನ, ಇಳಸ್ತಾನ... ಸೊಂಟ ಹಿಡದೈತಿ ಅಂವಂದು." ಅಷ್ಟರಲ್ಲಿ ಕಾಕಾ ಬಾಗಿಲು ತೆರೆದರು. "ಗಾಳಿ ನೋಡಾಕ ಹೋಗಿದ್ರೋ, ಗಾಳಿ ತಗೊಳ್ಳಾಕ ಹೋಗಿದ್ರೋ?" ಎಂದು ಕಾಕೂ ಮತ್ತೆ ಶುರು ಮಾಡಿದರು.

ಆ ಬೇಸಿಗೆ ಕಾಕೂ ಆಸ್ಪತ್ರೆಯಲ್ಲೇ ತೀರಿಕೊಂಡರು. ಮನೆಯ ನೆಲ ಸಿಗಲಿಲ್ಲ. ಅವರನ್ನು ಮಲಗಿಸಲು ಜಾಗ ಬೇಕಿತ್ತು. ಕಾಕಾ ಭಾಂಡೆಯನ್ನೆಲ್ಲ ಜೋರಾಪುರ ಪೇಟೆಯ ಪರಿಚಯದವರ ಅಂಗಡಿಯಲ್ಲಿ ಇಳಿಸಿ ಬಂದರು. ಖಾಲಿಯಾದ ವ್ಯಾನು ಆಸ್ಪತ್ರೆಯ ಹಿಂಬಾಗಿಲಲ್ಲಿ ಎತ್ತರವಾಗಿ ನಿಂತಿತ್ತು. ನಾಲ್ಕು ಜನ ಕಾಕೂವನ್ನು ಎತ್ತಿ ಒಳಗಿಟ್ಟರು. ನಾನು ಕಾಕಾ ಎಲ್ಲಿ ಎಂದು ನೋಡಿದೆ. ಅವರು ಮುಂದೆ ನಿಂತು ಗಾಜು ಒರೆಸುತ್ತಿದ್ದರು.

ಆಮೇಲೆ ಕಾಕಾ ಸಂತೆಗೆ ಹೋಗಲಿಲ್ಲ. ಪೇಟೆಯಿಂದ ಭಾಂಡೆ ತಂದು ಅದೇ ವ್ಯಾನಿಗೆ ಅದೇ ಕ್ರಮದಲ್ಲಿ ಏರಿಸಿದರು, ಮತ್ತೆ ಇಳಿಸಲಿಲ್ಲ. ಸಂಜೆ ಆ ಬಾಗಿಲಿನ ಅಂಚಿನ ಮೇಲೆ ಕೂರುತ್ತಿದ್ದರು. ಒಮ್ಮೆ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದ ನನ್ನನ್ನು ಕರೆದು, ಮೆಲ್ಲಗೆ ಹೇಳಿದರು: "ಆಕೀಗೆ ಕಡೀತನಕ ಗೊತ್ತಾಗಲಿಲ್ಲ ನೋಡು."

"ಇಲ್ಲ ಕಾಕಾ" ಎಂದೆ.

ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಸಣ್ಣದೊಂದು ನಗು ಕಂಡಿತು...

ನಿನ್ನೆ ಸಂಜೆ ಕಾಕಾ ಅವರ ತಮ್ಮನ ಮಗ ಭಾಂಡೆ ಇಳಿಸಿದ. ನೆಗ್ಗಿದ ಹಂಡೆ ತನ್ನ ಜಾಗದಲ್ಲೇ ಇತ್ತು. ಹಂಚುಗಳು ಒಂದೊಂದೇ ಕೆಳಗೆ ಬಂದಂತೆ ಪಾಟಾಗಳು ಕಿರುಗುಟ್ಟಿದವು. ಇಷ್ಟು ಕಾಲ ತಗ್ಗಿ ನಿಂತಿದ್ದ ವ್ಯಾನು ನಿಧಾನವಾಗಿ ಮೇಲೆದ್ದಿತು. ಅವನು ಅದನ್ನು ಗಮನಿಸಲಿಲ್ಲ. ಗಮನಿಸುವವರು ಈಗ ನಾನೊಬ್ಬಳೇ.

ಇವತ್ತು ಮುಂಜಾನೆ ಹೇರ್‌ಪಿನ್ನು ಹಿಡಿದು ವ್ಯಾನಿನ ಹತ್ತಿರ ಹೋದೆ. ಎಂಟರ ಕೆಳಗಿನ ಸುಳಿಯ ಮಣ್ಣನ್ನೂ ತೆಗೆದೆ. ಗಾಲಿಯ ಮೇಲಿನ ತಗಡಿನ ಒಳಗೆ ಟೈರು ಉಜ್ಜಿದ ಗುರುತು ಇದೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಆಮೇಲೆ ಅವನಿಗೆ ಫೋನು ಮಾಡಿ, ಎತ್ತರದ್ದನ್ನೇ ಹಾಕಿಸು ಎಂದು ಹೇಳಿ, ಅಂಕಿಗಳನ್ನು ಓದಿದೆ.

"ಹತ್ತಾಕ ಎತ್ತರ ಆಗೂದಿಲ್ಲೇನ್ರಿ ಅಕ್ಕಾರ?"

"ಕ್ರೇಟಿಗೆ ಏನೂ ಆಗೂದಿಲ್ಲ" ಎಂದೆ.

ಫೋನು ಇಟ್ಟು ಬಸ್ಸಿಗೆ ಹೊರಟೆ.