ಹೊಟ್ಟೆಯನ್ನು ಮಾತಾಡಿಸುತ್ತಿದ್ದ ಸೂಜಿಯಮ್ಮ

ಸೂಜಿಯಮ್ಮನ ಅಂಗೈ ಬಿರುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದನ್ನು ನನ್ನ ಹೊಕ್ಕುಳ ಮೇಲಿಟ್ಟು, ಕಣ್ಣು ಮುಚ್ಚಿ ಕೇಳುವರು: "ಮಕ್ಕೊಂಡಿಯೇನು?"

ಕೇಳುತ್ತಿದ್ದುದು ನನ್ನನ್ನಲ್ಲ, ನನ್ನ ಹೊಟ್ಟೆಯನ್ನು. ಅದು ಗುಡುಗುಡು ಎಂದು ಉತ್ತರ ಕೊಡುತ್ತಿತ್ತು. "ಎಚ್ಚರ ಐತಿ" ಎಂದು ಅವರು ತಲೆಯಾಡಿಸುವರು. ನನ್ನೊಳಗೆ ಇನ್ಯಾರೋ ಕೂತಿದ್ದಾರೆ, ಅವರಿಗೂ ಸೂಜಿಯಮ್ಮನಿಗೂ ಹಳೆಯ ಪರಿಚಯ ಎನಿಸಿ ಮೈ ಜುಮ್ಮೆನ್ನುತ್ತಿತ್ತು.

ಆಗ ನಾನು ಮಕ್ತಲ್‌ನಿಂದ ಗದ್ವಾಲದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಟೀಚರು. ಜುರಾಲಾ ಅಣೆಕಟ್ಟು ದಾಟುವಷ್ಟರಲ್ಲಿ ಹೊಟ್ಟೆ ಹಿಂಡಿ, ಧರೂರಿನಲ್ಲಿ ಇಳಿದು, ಗುರುತಿಲ್ಲದವರ ಮನೆಯ ಪಾಯಖಾನೆ ಬೇಡಬೇಕಾಗುತ್ತಿತ್ತು. ಇದಕ್ಕಿಂತ ನಾಚಿಕೆ ಬೇರೆ ಬೇಕೆ? ತೆಲಂಗಾಣ ರಾಜ್ಯ ಬೇಕೆಂದು ಚಳವಳಿ ನಡೆದು ಬಸ್ಸು ಬಂದಾದ ದಿನ ಊರಿಗೆಲ್ಲ ತಾಪತ್ರಯ, ನನಗೊಬ್ಬಳಿಗೆ ನೆಮ್ಮದಿ. ರಾಯಚೂರಿನ ಡಾಕ್ಟರು ಒಳಗೆ ನಳಿಗೆ ಬಿಟ್ಟು ನೋಡಿ, ಐಬಿಎಸ್ ಎಂದು ಹೆಸರಿಟ್ಟು, ಕರುಳಿನಲ್ಲಿ ಏನೂ ಇಲ್ಲವೆಂದರು. ಗಂಡನಿಲ್ಲದ ನನಗೆ ಆ ನೌಕರಿಯೇ ಅನ್ನ. ಅದನ್ನೇ ಬಿಡುವ ಗಳಿಗೆ ಬಂದಿತ್ತು.

ಸೂಜಿಯಮ್ಮ ನಮ್ಮ ಓಣಿಯವರೇ, ನಿವೃತ್ತ ನರ್ಸು. ಹೈದರಾಬಾದಿನಲ್ಲಿ ಆಕ್ಯುಪಂಕ್ಚರ್ ಕಲಿತು ಬಂದು ಪಡಸಾಲೆಯಲ್ಲೇ ಚಿಕಿತ್ಸೆ ಕೊಡುತ್ತಿದ್ದರು.

"ಡಾಕ್ಟರು ಒಳಗ ಏನೂ ಇಲ್ಲ ಅಂದ್ರುರೀ" ಎಂದೆ.

"ಏನೂ ಇಲ್ಲಂದ್ರ ಇದ್ಯಾರು ಮಾತಾಡಾಕತ್ಯಾರ?" ಅವರು ನಗಲಿಲ್ಲ. "ಓಡಿಸ್ತೀನಿ ಅಂತ ಹೇಳಂಗಿಲ್ಲ ಟೀಚರಮ್ಮ. ಮಲಗಿಸ್ತೀನಿ. ಎದ್ದರ ಮತ್ತ ಬಾ."

ದೀಪ ಹಚ್ಚಿದ ಮೇಲೆ ಮಾತ್ರ ಸೂಜಿ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಹೊತ್ತು ಮುಳುಗಿದರೆ ಪಕ್ಕದ ಮನೆಗೂ ಸೂಜಿ ಕೊಡುವುದಿಲ್ಲ.

"ನರ್ಸಾಗಿ ನೀವೂ ಇದನ್ನ ನಂಬ್ತೀರೇನ್ರಿ?" ಎಂದು ಕೆಣಕಿದ್ದೆ.

"ದವಾಖಾನ್ಯಾಗ ನಂಬ್ತಿದ್ದಿಲ್ಲ. ಮನ್ಯಾಗ ನಂಬ್ತೀನಿ."

ಮಣಿಕಟ್ಟಿಗೆ, ಮೊಣಕಾಲ ಕೆಳಗೆ, ಪಾದದ ಮೇಲೆ ಕೂದಲೆಳೆಯಂಥ ಸೂಜಿ ಚುಚ್ಚಿ, ಪರದೆ ಎಳೆದು ಅಡುಗೆಮನೆಗೆ ಹೋಗುವರು. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆದರೆ ಹೊಕ್ಕುಳ ಮೇಲಿನ ತಣ್ಣನೆಯ ಅಂಗೈ ಅಲ್ಲೇ ಇರುತ್ತಿತ್ತು. ಕಣ್ಣು ತೆರೆದು ನೋಡುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.

ಬರಬರುತ್ತಾ ಧರೂರಿನಲ್ಲಿ ಇಳಿಯುವುದು ಅಪರೂಪವಾಯಿತು. ಸೂಜಿಯ ಗುಣವೋ, ಆ ಕೈಯ ಗುಣವೋ, ದೇವರಿಗೇ ಗೊತ್ತು. ಹೊಟ್ಟೆಯೊಳಗಿನದು ಎದ್ದಾಗಲೆಲ್ಲ ಹೋಗುತ್ತಿದ್ದೆ, ಮಲಗಿಸಿ ಕಳಿಸುತ್ತಿದ್ದರು.

ತೆಲಂಗಾಣ ರಾಜ್ಯವಾದ ದಿನವೇ ಸೂಜಿಯಮ್ಮ ತೀರಿಕೊಂಡರು. ಬೀದಿಯಲ್ಲಿ ಪಟಾಕಿ, ಜೈಕಾರ. ಒಳಗೆ, ನಮ್ಮವರ ಪದ್ಧತಿಯಂತೆ, ಅವರನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಕಣ್ಣು ಮುಚ್ಚಿ, ಥೇಟ್ ನನ್ನ ಹೊಟ್ಟೆ ಮುಟ್ಟಿ ಕೂರುತ್ತಿದ್ದ ಹಾಗೆಯೇ. ನನಗೆ ಅಳುವಿಗಿಂತ ಮೊದಲು ಹೆದರಿಕೆ ಬಂತು. ಇನ್ನು ನನ್ನ ಹೊಟ್ಟೆಯೊಳಗಿನದು ಎದ್ದರೆ ಯಾರು ಮಲಗಿಸಬೇಕು?

ಪಾದ ಮುಟ್ಟಲು ಬಾಗಿದೆ. ಆ ಗಳಿಗೆ ಹೊರಗೆ ಪಟಾಕಿ ನಿಂತಿತ್ತು. ನನ್ನ ಹೊಟ್ಟೆ ಮನೆ ತುಂಬ ಕೇಳುವಂತೆ ಗುಡುಗುಡು ಎಂದಿತು. ಕೂತವರೆಲ್ಲ ತಿರುಗಿ ನೋಡಿದರು.

"ಅತ್ತಿ ಏನೋ ಕೇಳಿರಬೇಕ್ರಿ" ಎಂದಳು ಅವರ ಸೊಸೆ, ಮೆಲ್ಲಗೆ. ಯಾರೂ ನಗಲಿಲ್ಲ.

ಅಂದಿನಿಂದ ಅದು ಮಾತಾಡಿಲ್ಲ. ಗದ್ವಾಲದ ಶಾಲೆಯಲ್ಲೇ ನಿವೃತ್ತಳಾದೆ. ನಾನುಂಡ ಅನ್ನ ಅವರ ಋಣ. ಈಗಲೂ ಬಸ್ಸು ಜುರಾಲಾ ದಾಟುವಾಗ ಹೊಕ್ಕುಳ ಮೇಲೆ ಕೈಯಿಟ್ಟು "ಮಕ್ಕೊಂಡಿಯೇನು?" ಎಂದು ಕೇಳುತ್ತೇನೆ. ಉತ್ತರ ಬರುವುದಿಲ್ಲ. ಇಟ್ಟ ನನ್ನ ಅಂಗೈ ಮಾತ್ರ ತಣ್ಣಗಿರುತ್ತದೆ.