ಈಶಪ್ಪ ಮಾಸ್ತರ ನಾಲ್ವರ ಮೇಲೆ ನಾಲ್ವರ ಆಟ

ಹುಡುಗರಿಗೆ ಚಂಡಾಟ ಕಲಿಸಿದ್ದನ್ನು ಯಾರಾದರೂ ಹೊಗಳಿದರೆ ಈಶಪ್ಪ ಮಾಸ್ತರು ಎದ್ದು ಒಳಗೆ ಹೋಗುತ್ತಿದ್ದರು. ನಾಚಿಕೆ ಸ್ವಭಾವ ಎಂದು ಜನ ತಿಳಿದಿದ್ದರು. ಅವರ ಹೆಂಡತಿ ಕಳಕಮ್ಮ ನನಗೆ ಹೇಳಿದ ಕಾರಣ ಬೇರೆ.

ಈಶಪ್ಪನವರು ಕುಷ್ಟಗಿ ಸೀಮೆಯ ಒಂದು ಸಣ್ಣ ಊರಿನಲ್ಲಿ ಡ್ರಿಲ್ ಮಾಸ್ತರು. ನಿಜಾಮರ ಕಾಲ, ನಲವತ್ತೈದನೆಯ ಇಸವಿ. ಮೂವತ್ತರ ಮೇಲೆ ಹುಡುಗರು, ತೊಗಲಿನ ಫುಟ್‌ಬಾಲ್ ಒಂದೇ. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಗಟ್ಟಿ ಕಾಲಿನ ಐದಾರು ಮಂದಿ ಓಡುತ್ತಿದ್ದರು, ಉಳಿದವರು ನಿಂತು ಧೂಳು ಕುಡಿಯುತ್ತಿದ್ದರು. ಮಾಸ್ತರು ಸುಣ್ಣದ ಗೆರೆ ಎಳೆದು ಮೈದಾನವನ್ನು ತುಂಡು ತುಂಡು ಮಾಡಿದರು. ಒಂದೊಂದರಲ್ಲಿ ನಾಲ್ವರ ಮೇಲೆ ನಾಲ್ವರು. ಗೋಲಿಗೆ ಎರಡು ಕಲ್ಲು. ತೊಗಲಿನ ಚಂಡು ಸರದಿಯಂತೆ, ಮಿಕ್ಕವರಿಗೆ ಚಿಂದಿ ಸುತ್ತಿದ ಚಂಡು. ಜಾಗ ಸಣ್ಣದು, ಮಂದಿ ಕಡಿಮೆ. ಗಳಿಗೆಗೊಮ್ಮೆ ಎಲ್ಲರ ಕಾಲಿಗೂ ಚಂಡು ಸಿಗುತ್ತಿತ್ತು. ಮೊದಲ ವಾರ ಅಂಕಿ ಎಣಿಸಿ ಗುಂಪು ಮಾಡಿದರು. ಯಾರ ಪಾಲಿಗೆ ಯಾರು ಬಂದರೋ ಅವರು.

ಎರಡನೆಯ ವಾರ ಕಿರಾಣಿ ಅಂಗಡಿಯ ಹಂಪಣ್ಣ ಬಂದರು.

"ಆಟ ಛಲೋ ಐತ್ರಿ ಮಾಸ್ತರ, ಬ್ಯಾಡನ್ನಂಗಿಲ್ಲ. ಆದ್ರ ನಮ್ಮ ಹುಡುಗ ಗವಿಸಿದ್ದಪ್ಪ ಆ ಕೆಳಗಿನ ಕೇರಿ ದುರುಗವ್ವನ ಮಗನ ಹೆಗಲ ಮ್ಯಾಲ ಕೈ ಹಾಕ್ಕೊಂಡು ಮನಿ ತನಕಾ ಬಂದಾನ. ಅವರವ್ವ ಹೊರಗ ನಿಂದ್ರಿಸಿ ನೀರು ಹಾಕ್ಯಾಳ. ದಿನಾ ಹಿಂಗ ಜಳಕಾ ಮಾಡ್ಸಾಕ ಬಾವ್ಯಾಗ ನೀರು ಬೇಕಲ್ರಿ?"

ಆಟವೇ ನಿಂತೀತೆಂದು ಮಾಸ್ತರು ಹೆದರಿದರು. "ಓಣಿ ಪ್ರಕಾರ ಆಡಸ್ತೀನ್ರಿ" ಎಂದುಬಿಟ್ಟರು.

ಅಂದಿನಿಂದ ಓಣಿಗೊಂದು ಗುಂಪು. ಕೆಳಗಿನ ಕೇರಿಯ ನಾಲ್ವರು ಬೇಲಿಯ ಹತ್ತಿರ ತಮ್ಮತಮ್ಮಲ್ಲೇ ಇಬ್ಬರ ಮೇಲೆ ಇಬ್ಬರಂತೆ ಆಡಬೇಕು, ಚಿಂದಿ ಚಂಡಿನಿಂದ. ಇಬ್ಬರೇ ಆದ್ದರಿಂದ ಅವರ ಕಾಲಿಗೆ ಬಿಡುವೇ ಇರಲಿಲ್ಲ. ಆರು ತಿಂಗಳಲ್ಲಿ ದುರುಗವ್ವನ ಮಗ ಮುದುಕಪ್ಪನಂತೆ ಆಡುವವನು ಸಾಲೆಯಲ್ಲೇ ಇಲ್ಲದಂತಾಯಿತು.

ಕುಷ್ಟಗಿಯಲ್ಲಿ ಯಲಬುರ್ಗಾದ ಹುಡುಗರ ಮೇಲೆ ಪಂದ್ಯ ಗೊತ್ತಾದಾಗ ಮಾಸ್ತರು ಹನ್ನೊಂದು ಮಂದಿಯಲ್ಲಿ ಅವನನ್ನೂ ಸೇರಿಸಿದರು. ಬಂಡಿ ಕೊಟ್ಟಿದ್ದ ಹಂಪಣ್ಣನವರು, "ಗೆಲ್ಲಾಕಂದ್ರ ಇರ್ಲಿ ಬಿಡ್ರಿ. ಬಂಡಿ ಹಿಂದ ನಡಕೊಂಡು ಬರ್ಲಿ" ಎಂದರು. ಅವನು ನಡೆದೇ ಬಂದ.

ಆ ದಿನ ಮುದುಕಪ್ಪ ಗೋಲಿನ ಮುಂದೆ ಒಬ್ಬನೇ ನಿಂತು ಕೈ ಎತ್ತಿದ್ದು ಒಂದು ಸಲವಲ್ಲ. ಗವಿಸಿದ್ದಪ್ಪ ನೋಡಿದ, ಚಂಡನ್ನು ತನ್ನ ಓಣಿಯವನಿಗೇ ಒದ್ದ. ಹಗೆಯಿಂದಲ್ಲ, ಕಾಲಿಗೆ ಅದೇ ರೂಢಿಯಾಗಿತ್ತು. ನಡುವಿನ ಬಿಡುವಿನಲ್ಲಿ ಹುಡುಗರು ಸುತ್ತ ನಿಂತರು. "ಮುದುಕಪ್ಪಗ ಕೊಡ್ರಿ" ಎಂದಿದ್ದರೆ ಸಾಕಿತ್ತು. ಹಂಪಣ್ಣನವರು ಪಕ್ಕದಲ್ಲಿದ್ದರು. ಮಾಸ್ತರು "ಜೋರು ಓಡ್ರಿ" ಎಂದಷ್ಟೇ ಹೇಳಿದರು. ಒಂದು ಗೋಲಿನಿಂದ ಸೋತರು.

ಮರುದಿನದಿಂದ ಮುದುಕಪ್ಪ ಬರಲಿಲ್ಲ. ಪೂಜೆಗೆ ಕೂತರೆ ಆ ಎತ್ತಿದ ಕೈಯೇ ಕಾಣುತ್ತದೆ ಎಂದು ಮಾಸ್ತರು ಕಳಕಮ್ಮನ ಮುಂದೆ ಹೇಳಿದರಂತೆ. ವಾರ ಕಳೆದು ಅವನ ಮನೆಗೆ ಹೋದರು.

"ತಪ್ಪು ನಂದು ತಮ್ಮಾ. ಅವ್ರು ನಿನಗ ಚಂಡು ಕೊಡಲಿಲ್ಲ."

"ಅವ್ರು ತಪ್ಪು ಆಡ್ಲಿಲ್ಲಲ್ರಿ" ಎಂದ ಮುದುಕಪ್ಪ. "ನೀವು ಕಲಿಸಿದಂಗ ಆಡಿದ್ರು."

ಮಾಸ್ತರು, "ನಾಳಿಂದ ಎಣಿಸಿ ಕೂಡಸ್ತೀನಿ. ಬಾ" ಎಂದರು.

"ಹಂಪಣ್ಣ ಸಾವಕಾರ್ರು ಬಂದ್ ಕೇಳಿದ್ರ ಏನಂತೀರಿ?"

ಮಾಸ್ತರು ತಡವರಿಸಿದರು. ಹುಡುಗ ಆ ತಡವರಿಕೆಯನ್ನು ನೋಡಿ, "ನೋಡ್ತೀನ್ರಿ" ಎಂದ.

ಮರುದಿನ ಮತ್ತೆ ಅಂಕಿ ಎಣಿಸಿದರು. ಹಂಪಣ್ಣನವರು ಬಂದೇ ಬಂದರು. "ಬ್ಯಾಡಾದ್ರ ಹುಡುಗನ್ನ ಕರಕೊಂಡು ಹೋಗ್ರಿ" ಎಂದರು ಮಾಸ್ತರು. ಅವರು ಕರೆದುಕೊಂಡು ಹೋದರು, ಇನ್ನೂ ಹನ್ನೆರಡು ಮಂದಿಯನ್ನು ಅವರವರ ಮನೆಯವರು ಕರೆದೊಯ್ದರು. ಮುದುಕಪ್ಪ ಮಾತ್ರ ಬರಲಿಲ್ಲ. ಕೆಲವು ದಿನ ಕಾದು ಮಾಸ್ತರು ಈ ಸಂಗತಿ ಹೇಳಲು ದುರುಗವ್ವನ ಮನೆಗೆ ಹೋದರು.

"ಮುನಿರಾಬಾದಿಗೆ ಹೋಗ್ಯಾನ್ರಿ ಯಪ್ಪಾ, ಹೊಳಿಗೆ ಆಣೆಕಟ್ಟು ಕಟ್ಟೋ ಕೆಲಸಕ್ಕ. ಮಣ್ಣು ಹೊರ್ತಾನ" ಎಂದಳು ಆಕೆ. "ಏನರ ಹೇಳೂದಿತ್ತೇನ್ರಿ?"

ಹೇಳಿದರೆ ಹಗುರಾಗುವುದು ತನಗೊಬ್ಬನಿಗೇ ಎನಿಸಿ ಮಾಸ್ತರು "ಏನಿಲ್ಲವ್ವ" ಎಂದರು.

"ಅಲ್ಲೂ ಸಂಜಿಗೆ ಚಂಡು ಆಡ್ತಾರಂತ್ರಿ. ಯಾವ್ಯಾವ ಊರಿನ ಕೂಲ್ಯಾರೋ, ಎಲ್ಲಾರು ಕೂಡಿ."

"ಛಲೋ ಆತವ್ವ" ಎಂದರು ಈಶಪ್ಪ ಮಾಸ್ತರು. ಆ ಮಾತನ್ನಾದರೂ ಮನಸಾರೆ ಆಡಿದೆನೋ ಇಲ್ಲವೋ ಎಂದು ಅವರು ಕಳಕಮ್ಮನನ್ನು ಬಹಳ ದಿನ ಕೇಳುತ್ತಿದ್ದರಂತೆ.